ಸೌತೆಕಾಯಿ ಟೋಸ್ಟು, ಒಳಗೆ ಬಿಟ್ಟ ಬಟ್ಟೆ

ಅಷ್ಟು ಹೊತ್ತಿಗೆ ಮೂರನೆಯ ಬ್ರೆಡ್ಡಿನ ಒಂದು ಮಗ್ಗುಲು ಕೆಂಪಾಗಿತ್ತು. ಅಂಗಡಿಯ ಟೋಸ್ಟರಿಗೆ ಒಂದೇ ಕಡೆ ಕಾವು. ಇನ್ನೊಂದು ಕಡೆಯ ತಂತಿ ಸುಟ್ಟುಹೋಗಿ ಎರಡು ವರ್ಷವಾದರೂ ಯಾರೂ ರಿಪೇರಿಗೆ ಕೊಟ್ಟಿರಲಿಲ್ಲ. ಹಾಗಾಗಿ ಅವಳು ಪ್ರತಿ ಹೋಳನ್ನೂ ಅರ್ಧದಲ್ಲಿ ಮೇಲೆತ್ತಿ, ಬೆರಳು ಸುಡದಂತೆ ತಿರುಗಿಸಿ, ಮತ್ತೆ ಇಳಿಬಿಡಬೇಕಿತ್ತು. ತಿರುಗಿಸಿ ಬಿಟ್ಟು, ನಲ್ಲಿಗೆ ನೇತು ಹಾಕಿದ್ದ ಮೊಸರಿನ ಗಂಟನ್ನು ಬಿಚ್ಚಿದಳು. ಅಸ್ತರಿಗೆ ಬಳಸುವ ತೆಳು ಹತ್ತಿ ಬಟ್ಟೆಯ ಹೊಸ ತುಂಡು ಅದು. ಬೆಳಗ್ಗೆ ಬಂದ ಕೂಡಲೇ ಕಟ್ಟಿದ್ದರಿಂದ ನೀರೆಲ್ಲ ಸೋರಿ, ಮೊಸರು ಚಾಕುವಿಗೆ ಅಂಟುವಷ್ಟು ಗಟ್ಟಿಯಾಗಿತ್ತು.

"ನೋಡೋಕೆ ಬೆಣ್ಣೆ ಹಾಗೇ ಇದೆ," ಅಂದಳು ಹಬೆಯಮ್ಮ, ಇಸ್ತ್ರಿಯ ಮೇಜಿನಿಂದಲೇ ಕತ್ತು ಚಾಚಿ. "ಯಾರಿಗೆ ಮೋಸ ಮಾಡೋಕೆ ಹೊರಟಿದ್ದೀಯೇ? ನಾಲಿಗೆಗೋ, ಹೊಟ್ಟೆಗೋ?"

"ಎರಡಕ್ಕೂ," ಅಂದಳು ಇವಳು.

ಹಬೆಯಮ್ಮನ ನಿಜವಾದ ಹೆಸರು ಅಂಗಡಿಯಲ್ಲಿ ಯಾರ ಬಾಯಲ್ಲೂ ಇರಲಿಲ್ಲ. ದಿನವಿಡೀ ಹಬೆಯ ಇಸ್ತ್ರಿ ಹಿಡಿದು ನಿಂತಿರುತ್ತಾಳೆ, ಇಸ್ತ್ರಿಯಷ್ಟೇ ಬುಸುಗುಡುತ್ತಾಳೆ. ಅವಳು, ಯಜಮಾನಿ, ಮತ್ತು ಹೊಲಿಗೆ ಯಂತ್ರದ ಮುಂದೆ ಕೂರುವ ಇವಳು, ಮೂವರೇ ಇರುವ ಅಂಗಡಿ. ಹೊಸ ಬಟ್ಟೆ ಹೊಲಿಯುವುದಿಲ್ಲ. ಸಡಿಲಾದದ್ದನ್ನು ಹಿಡಿಯುವುದು, ಬಿಗಿಯಾದದ್ದನ್ನು ಬಿಡುವುದು, ಅಷ್ಟೇ. ಮೈ ಹಿಗ್ಗಿದವರೂ ಕುಗ್ಗಿದವರೂ ಅದೇ ಬಾಗಿಲಿಂದ ಬರುತ್ತಾರೆ.

ಟೋಸ್ಟಿನ ಕತೆ ಶುರುವಾದದ್ದು ನಾಲ್ಕು ತಿಂಗಳ ಹಿಂದೆ, ಯಜಮಾನಿ ಗಿರಾಕಿಯೊಬ್ಬರ ಪ್ಯಾಂಟಿನ ಅಂಚಿಗೆ ಗುಂಡುಸೂಜಿ ಚುಚ್ಚಲು ಬಗ್ಗಿದಾಗ. ಅವಳದೇ ಪ್ಯಾಂಟು ಹಿಂದೆ ಪರ್ರನೆ ಬಿರಿಯಿತು. ಗಿರಾಕಿ ಪಾಪ, ಕನ್ನಡಿಯ ಕಡೆ ಮುಖ ತಿರುಗಿಸಿ ಕೆಮ್ಮಿದ. ಮರುದಿನದಿಂದಲೇ ಬೆಳಗಿನ ಹತ್ತೂವರೆಯ ಬನ್ನು, ಬಿಸ್ಕತ್ತು ನಿಂತವು. ಇನ್ನು ಮೇಲೆ ಒಬ್ಬೊಬ್ಬರಿಗೆ ಒಂದೊಂದು ಟೋಸ್ಟು. ಮೇಲೆ ಏನು ಬೇಕಾದರೂ ಇರಲಿ, ಬೆಣ್ಣೆ, ಚೀಸು, ಜಾಮು ಮಾತ್ರ ಇರಕೂಡದು. ಮೂವರೂ ಪ್ರತಿ ಶನಿವಾರ ಟೇಪು ಹಿಡಿದು ಸೊಂಟ ಅಳೆಸಿಕೊಳ್ಳಬೇಕು.

ಮಾಡುವ ಕೆಲಸ ತಾನಾಗಿ ಇವಳ ಪಾಲಿಗೆ ಬಂತು. ಕೈ ಸೂಕ್ಷ್ಮ. ಸೌತೆಕಾಯಿಯನ್ನು ಬೆಳಕು ತೂರುವಷ್ಟು ತೆಳ್ಳಗೆ ಕೊಯ್ಯುತ್ತಿದ್ದಳು. ಗಟ್ಟಿ ಮೊಸರು ಸವರಿ, ಹೋಳುಗಳನ್ನು ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು ಅರ್ಧರ್ಧ ಹೊದಿಸಿ, ಮೆಣಸಿನ ಪುಡಿ ಉದುರಿಸಿದರೆ ತಿನ್ನಲು ಮನಸ್ಸು ಬಾರದಷ್ಟು ಚೆಂದ. ಟೊಮೇಟೊವನ್ನು ಅಡ್ಡ ಕೊಯ್ದು ಬೆಳ್ಳುಳ್ಳಿ ತಿಕ್ಕಿದ ಬ್ರೆಡ್ಡಿನ ಮೇಲೆ ಒತ್ತಿ ಉಜ್ಜುತ್ತಿದ್ದಳು, ಸಿಪ್ಪೆ ಮಾತ್ರ ಕೈಯಲ್ಲಿ ಉಳಿಯುವ ತನಕ. ಒಂದು ದಿನ ಬೇಯಿಸಿದ ಬಟಾಣಿಗೆ ಪುದೀನ ಸೇರಿಸಿ ಅರೆದದ್ದು. ಇನ್ನೊಂದು ದಿನ ಎಣ್ಣೆಯಿಲ್ಲದೆ ಬಾಡಿಸಿದ ಅಣಬೆ, ಅದು ತನ್ನ ನೀರಲ್ಲೇ ಬೇಯುತ್ತದೆ. ಮೊಟ್ಟೆಯ ಬಿಳಿ, ನಿಂಬೆರಸ ಹಿಂಡಿದ ಕ್ಯಾರೆಟ್ ತುರಿ. ಸೇಬಿನ ತೆಳು ಹೋಳಿನ ಮೇಲೆ ಚಕ್ಕೆಯ ಪುಡಿ ಚಿಮುಕಿಸಿ ಬಿಸಿ ಮಾಡಿದರೆ ಸಕ್ಕರೆಯೇ ಬೇಡ ಅನ್ನಿಸುತ್ತಿತ್ತು. ಮದುವೆಯಾದಾಗಿನಿಂದ ಅಡುಗೆ ಮಾಡುತ್ತಿದ್ದರೂ ಯಾರೂ ಅವಳ ಕೈರುಚಿಯ ಬಗ್ಗೆ ಇಷ್ಟು ಮಾತಾಡಿರಲಿಲ್ಲ.

ಟೋಸ್ಟು ಮುಗಿದ ಮೇಲೆ ಯಜಮಾನಿ ಕೊರಳಿನ ಟೇಪು ಇಳಿಸಿದಳು. "ಬನ್ನಿ, ಶನಿವಾರದ ಪೂಜೆ."

ಹಬೆಯಮ್ಮನದು ಕಾಲಿಂಚು ಏರಿತ್ತು.

"ಟೇಪು ಸೆಕೆಗೆ ಕುಗ್ಗಿದೆ," ಅಂದಳು ಹಬೆಯಮ್ಮ.

"ಕುಗ್ಗಿದ್ದು ಟೇಪಲ್ಲ, ನಿನ್ನ ನಾಚಿಕೆ. ನಿನ್ನೆ ಮೂಲೆ ಬೇಕರಿ ಮುಂದೆ ನಿಂತಿದ್ದು ಯಾರು?"

"ದಾರಿ ಕೇಳ್ತಿದ್ದೆ."

"ಮೂವತ್ತು ವರ್ಷದಿಂದ ಇದೇ ಬೀದೀಲಿ ಓಡಾಡ್ತಿದ್ದೀಯಾ, ದಾರಿ ಕೇಳ್ತಾಳಂತೆ!"

ನಗುತ್ತಲೇ ಯಜಮಾನಿ ಇವಳ ಸೊಂಟಕ್ಕೆ ಟೇಪು ಸುತ್ತಿದಳು. ನಗು ನಿಂತಿತು. ಟೇಪನ್ನು ಮತ್ತೊಮ್ಮೆ ಬಿಚ್ಚಿ ಸುತ್ತಿದಳು. "ಮತ್ತೆ ಮುಕ್ಕಾಲು ಇಂಚು! ಒಟ್ಟು ಆರು ದಾಟಿತಲ್ಲೇ!"

"ಅಯ್ಯೋ ಪುಣ್ಯವಂತೆ," ಹಬೆಯಮ್ಮ ಎರಡೂ ಕೈಯಿಂದ ಇವಳ ಕೆನ್ನೆ ಹಿಡಿದಳು. "ಅದೇ ಬ್ರೆಡ್ಡು, ಅದೇ ಸೌತೆಕಾಯಿ. ನನ್ನ ಮೈ ಮಾತ್ರ ಯಾಕೆ ಇಳಿಯಲ್ಲ? ಏನೇ ನಿನ್ನ ಗುಟ್ಟು?"

ಅವಳು ನಕ್ಕಳು. ಗುಟ್ಟು ಇತ್ತು.

ಮನೆಯಲ್ಲಿ ಅವಳು ಬೆಣ್ಣೆ ತಿನ್ನುತ್ತಿದ್ದಳು. ಗಂಡ ಶಾಲೆಯ ಬಸ್ಸಿನ ಡ್ರೈವರು, ಬೆಳಗಾಗುತ್ತಲೇ ಹೊರಡುತ್ತಾನೆ. ಮಗಳು ಎಂಟಕ್ಕೆ ಮೊದಲು ಏಳುವವಳಲ್ಲ. ನಡುವಿನ ಆ ಹೊತ್ತಿನಲ್ಲಿ ಬ್ರೆಡ್ಡಿನ ಎರಡು ಹೋಳುಗಳ ಮೇಲೆ ಬೆಣ್ಣೆಯನ್ನು ಗಾರೆ ಮೆತ್ತಿದ ಹಾಗೆ ಮೆತ್ತಿ, ಮೇಲೆ ಸಕ್ಕರೆ ಸುರಿದು, ಅಡುಗೆಮನೆಯಲ್ಲಿ ನಿಂತುಕೊಂಡೇ ತಿನ್ನುತ್ತಿದ್ದಳು. ಆಸೆಗಲ್ಲ. ಎರಡನೆಯ ಹೋಳನ್ನು ನೀರು ಕುಡಿದು ನುಂಗಬೇಕಾಗುತ್ತಿತ್ತು. ಅದು ಪರೀಕ್ಷೆ.

ಸಂಶಯ ಬಂದದ್ದು ಭುಜದಿಂದ. ಪಥ್ಯ ಮಾಡಿ ಇಳಿದವರ ಬಟ್ಟೆಯನ್ನು ಅವಳು ಹದಿನೆಂಟು ವರ್ಷದಿಂದ ಹಿಡಿದಿದ್ದಾಳೆ. ಮೊದಲು ಹೊಟ್ಟೆ, ಆಮೇಲೆ ಸೊಂಟ, ಕೊನೆಗೆ ತೋಳು. ಭುಜಕ್ಕೆ ಕೈ ಹಾಕುವ ಕೆಲಸ ಬಹಳ ಅಪರೂಪ, ಅದು ಮೂಳೆಯ ಜಾಗ. ಆದರೆ ಒಂದು ದಿನ ಅವಳ ಭುಜದ ಹೊಲಿಗೆ ತೋಳಿನ ಮೇಲೆ ಜಾರಿ ಕೂತಿತ್ತು. ಕಾಲರಿನ ಒಳಗೆ ನಾಲ್ಕು ಬೆರಳು ಹೋಗುತ್ತಿತ್ತು. ಬೇರೆ ಯಾರದಾದರೂ ಬಟ್ಟೆ ಹೀಗೆ ಮೇಜಿನ ಮೇಲೆ ಬಂದಿದ್ದರೆ, ಇವರಿಗೆ ಹುಷಾರಿಲ್ಲ ಅಂತ ಯಜಮಾನಿಯ ಕಿವಿಯಲ್ಲಿ ಹೇಳುತ್ತಿದ್ದಳು. ತನ್ನದೇ ಆದ್ದರಿಂದ ಯಾರಿಗೂ ಹೇಳಲಿಲ್ಲ. ಒಂದು ತಿಂಗಳು ಬೆಣ್ಣೆ ತಿಂದು ನೋಡೋಣ ಅಂದುಕೊಂಡಳು. ಏರಿದರೆ ಟೋಸ್ಟಿನ ಮಹಿಮೆ, ಏರದಿದ್ದರೆ ಬೇರೆ ಏನೋ. ಆ ತಿಂಗಳಲ್ಲಿ ಎರಡಿಂಚು ಇಳಿದಳು.

ಬೆಣ್ಣೆ ಬಿಡದೆಯೇ ಆಸ್ಪತ್ರೆಗೆ ಒಬ್ಬಳೇ ಹೋದಳು. ಮೂರು ಸಲ. ಮೂರನೆಯ ಸಲ, ಅಂದರೆ ಕಳೆದ ಗುರುವಾರ, ಡಾಕ್ಟರಮ್ಮ ಚೀಟಿಯ ಹಿಂದೆ ಎಲೆಯಂಥ ಆಕಾರ ಬರೆದು ಅದರ ಮೇಲೆ ಚುಕ್ಕೆಯಿಟ್ಟಳು. "ಗಡ್ಡೆ ಹೊಟ್ಟೆ ಹಿಂಭಾಗದಲ್ಲಿ ಇಲ್ಲಿ ಶುರುವಾಗಿದೆ. ಈಗ ಲಿವರಿಗೂ ಬಂದಿದೆ." ಚಿಕ್ಕ ವಯಸ್ಸಿನ ಡಾಕ್ಟರು. ಕೋಟಿನ ತೋಳು ಉದ್ದವಾಗಿ ಬೆರಳಿನ ತನಕ ಇಳಿದಿತ್ತು. ಒಂದಿಂಚು ಮಡಿಸಿ ಹೊಲಿದರೆ ಸಾಕು, ಅಂತ ಇವಳಿಗೆ ಅನ್ನಿಸಿತು.

"ವಾಸಿಯಾಗುತ್ತಾ?"

"ಔಷಧಿ ಕೊಡ್ತೀವಿ. ಕೆಲವು ವಾರ ಜಾಸ್ತಿ ಸಿಗಬಹುದು. ಆ ವಾರಗಳಲ್ಲಿ ಸುಸ್ತು, ವಾಂತಿ ಇರುತ್ತೆ. ವಾಸಿಯಾಗುತ್ತೆ ಅಂತ ನಾನು ಹೇಳಲಾರೆ ಅಮ್ಮ." ಡಾಕ್ಟರಮ್ಮ ಪೆನ್ನಿನ ಮುಚ್ಚಳ ಹಾಕಿದಳು, ತೆಗೆದಳು. "ಸೋಮವಾರ ಹತ್ತು ಗಂಟೆಗೆ ಮನೆಯವರನ್ನ ಕರ್ಕೊಂಡು ಬನ್ನಿ. ಒಬ್ಬರೇ ಬರಬೇಡಿ."

ಆ ಚೀಟಿ ಈಗ ಯಂತ್ರದ ಖಾನೆಯಲ್ಲಿ, ಬಾಬಿನ್ನುಗಳ ಡಬ್ಬಿಯ ಕೆಳಗಿತ್ತು.

"ಎಲ್ಲಿ ಕಳೆದುಹೋದೆ?" ಯಜಮಾನಿ ಟೇಪನ್ನು ಮತ್ತೆ ಕೊರಳಿಗೆ ಹಾಕಿಕೊಂಡಳು. "ನಾನೊಂದು ಯೋಚನೆ ಮಾಡಿದೀನಿ. ನಿನ್ನ ಹಳೇ ಕಂದು ಕೋಟು ಇಲ್ಲೇ ಬಿದ್ದಿದೆಯಲ್ಲ, ಅದನ್ನ ಕಿಟಕಿಯಲ್ಲಿ ಬೊಂಬೆಗೆ ಹಾಕೋದು. ಪಕ್ಕದಲ್ಲಿ ಈಗಿನ ನಿನ್ನ ದೊಡ್ಡ ಫೋಟೋ. ಕೆಳಗೆ ನಿನ್ನ ಟೋಸ್ಟುಗಳ ಪಟ್ಟಿ. ಇಳಿದವರೆಲ್ಲ ಬಟ್ಟೆ ಹಿಡಿಸೋಕೆ ಎಲ್ಲಿಗೆ ಬರ್ತಾರೆ? ಇಲ್ಲಿಗೇ."

"ಅಕ್ಕಾ, ನನ್ನ ಫೋಟೋ ಯಾಕೆ..."

"ಮತ್ತೆ ಹಬೆಯಮ್ಮಂದು ಹಾಕ್ಲಾ? ಇದ್ದ ಗಿರಾಕೀನೂ ಓಡಿಹೋಗ್ತಾರೆ."

"ನನ್ನ ಫೋಟೋನ ಬೇಕರಿಯವರು ಹಾಕ್ಕೋತಾರೆ ಬಿಡು," ಅಂದಳು ಹಬೆಯಮ್ಮ.

"ಸೋಮವಾರ ಹತ್ತು ಗಂಟೆಗೆ ಫೋಟೋದವನು ಬರ್ತಾನೆ, ಹೇಳಿಯಾಗಿದೆ. ಆ ನೇರಳೆ ಅಂಗಿ ಇದೆಯಲ್ಲ ನಿನ್ನದು, ಒಳ್ಳೇದು, ಅದನ್ನ ಮೈಗೆ ಸರಿಯಾಗಿ ಹಿಡಿದು ಹಾಕ್ಕೊಂಡು ಬಾ."

"ಸೋಮವಾರ ಹತ್ತಕ್ಕೆ ನನಗೆ ಸ್ವಲ್ಪ ಕೆಲಸ ಇತ್ತಕ್ಕ."

"ಏನು ಕೆಲಸ?"

ಹೇಳಬಹುದಿತ್ತು. ಇಸ್ತ್ರಿ ಸುಮ್ಮನಿತ್ತು, ಅಂಗಡಿಯಲ್ಲಿ ಗಿರಾಕಿ ಇರಲಿಲ್ಲ. ಯಜಮಾನಿ ಒಳ್ಳೆಯವಳು, ಕೇಳಿದ ಕೂಡಲೇ ಶಟರು ಎಳೆದು ಜೊತೆಗೆ ಹೊರಡುವವಳು. ಆಮೇಲೆ? ಆಮೇಲೆ ಈ ಹಿಂದಿನ ಮೇಜಿನ ಸುತ್ತ ಯಾರೂ ಹೀಗೆ ಕಚ್ಚಾಡುವುದಿಲ್ಲ. ದನಿ ತಗ್ಗಿಸಿ ಮಾತಾಡುತ್ತಾರೆ. ತಾನು ಮಾಡಿದ ಟೋಸ್ಟನ್ನು ನೋಡದೆಯೇ ತಿನ್ನುತ್ತಾರೆ.

"ಮಗಳ ಕಾಲೇಜಿನಲ್ಲಿ ಏನೋ ಸಹಿ ಹಾಕಬೇಕಂತೆ," ಅಂದಳು.

"ಅದು ಮಂಗಳವಾರಾನೂ ಆಗುತ್ತೆ. ಫೋಟೋದವನು ಮತ್ತೆ ಸಿಗಲ್ಲ."

ಮಧ್ಯಾಹ್ನ ಬ್ಯಾಂಕಿನ ಮೇಡಂ ಬಂದರು. ಹಳೆಯ ಗಿರಾಕಿ, ಬೂದು ಬಣ್ಣದ ಅದೇ ಕೋಟು. ಅದನ್ನು ಈ ಅಂಗಡಿಯಲ್ಲಿ ಮೂರು ಸಲ ಹಿಡಿದು ಮೂರು ಸಲ ಬಿಟ್ಟಾಗಿತ್ತು. ಒಳಮಡಿಕೆ ಬಿಚ್ಚಿದರೆ ಹಳೆಯ ಸೂಜಿಯ ತೂತುಗಳು ಮೂರು ಸಾಲಾಗಿ ಕಾಣುತ್ತಿದ್ದವು.

"ಈ ಸಲ ಒಳಗಿನ ಬಟ್ಟೆ ಕತ್ತರಿಸಿಬಿಡಿ," ಅಂದರು ಮೇಡಂ. "ದಪ್ಪ ದಪ್ಪ ಅಂತ ಒತ್ತುತ್ತೆ. ನಾನಂತೂ ಇನ್ನು ವಾಪಸ್ ಊದಲ್ಲ."

"ಬಿಟ್ಟಿರ್ತೀನಿ ಮೇಡಂ. ಇಸ್ತ್ರಿ ಹಾಕಿದ್ರೆ ಕೂತ್ಕೊಳುತ್ತೆ."

"ನನ್ನ ಮೇಲೆ ನಂಬಿಕೆ ಇಲ್ವಾ?"

"ನಿಮ್ಮ ಮೇಲಿದೆ ಮೇಡಂ," ಹಬೆಯಮ್ಮ ಹಿಂದಿನಿಂದ ಕೂಗಿದಳು, "ನಿಮ್ಮ ಆಫೀಸಿನ ಕೇಕಿನ ಮೇಲಿಲ್ಲ."

ಮೇಡಂ ಕೂಡ ನಕ್ಕರು. ಆದರೆ ಅದು ತಮಾಷೆಯಲ್ಲ, ಅಂಗಡಿಯ ನಿಯಮ. ಅಂಗಡಿ ಶುರುಮಾಡಿದ ಯಜಮಾನಿಯ ತಾಯಿ ಹಾಕಿಟ್ಟದ್ದು. ಬಟ್ಟೆಯನ್ನು ಎಷ್ಟು ಬೇಕಾದರೂ ಹಿಡಿಯಬಹುದು, ಒಳಗೆ ಮಡಿಚಿ ಉಳಿದದ್ದಕ್ಕೆ ಮಾತ್ರ ಕತ್ತರಿ ಹಾಕಕೂಡದು. ಗಿರಾಕಿ ಎಷ್ಟೇ ಹಟ ಮಾಡಲಿ. ಇವತ್ತು ಇಳಿದ ಮೈ ನಾಳೆ ವಾಪಸ್ ಬರುತ್ತದೆ, ಹೆರಿಗೆಯಾಗುತ್ತದೆ, ದುಃಖವಾಗುತ್ತದೆ, ವಯಸ್ಸಾಗುತ್ತದೆ. ಬಂದಾಗ ಬಿಡುವುದಕ್ಕೆ ಒಳಗೆ ಬಟ್ಟೆ ಇರಬೇಕು. ಹದಿನೆಂಟು ವರ್ಷದಲ್ಲಿ ಅವಳು ಒಮ್ಮೆಯೂ ಆ ನಿಯಮ ಮೀರಿರಲಿಲ್ಲ.

ಯಜಮಾನಿ ಅಳತೆಯ ಕಾಗದದ ಹಿಂಬದಿ ಕೊಟ್ಟು ಇವಳ ಕೈಯಲ್ಲಿ ಪಟ್ಟಿ ಬರೆಸಿದಳು. ಮೊಸರು, ಸೌತೆಕಾಯಿ, ಮೆಣಸು. ಬಟಾಣಿ, ಪುದೀನ. ಅಣಬೆಗೆ ಉಪ್ಪು ಕೊನೆಯಲ್ಲಿ, ಇಲ್ಲದಿದ್ದರೆ ನೀರು ಬಿಟ್ಟು ಬ್ರೆಡ್ಡು ಮೆತ್ತಗಾಗುತ್ತದೆ. ಅಕ್ಷರ ಗುಂಡಗೆ ಬಂದವು. ಮೇಡಂ ಓದುತ್ತಾ ಓದುತ್ತಾ, "ಏನೂ ಬೇಡಪ್ಪ, ನಿಮ್ಮ ಹಾಗೆ ಆದರೆ ಸಾಕು ನಾನು," ಅಂದರು.

"ಬೇಡ ಮೇಡಂ!"

ದನಿ ಜೋರಾಗಿ ಬಂದಿತ್ತು. ಮೂವರೂ ಅವಳ ಕಡೆ ತಿರುಗಿದರು. ಹಬೆಯಮ್ಮನ ಇಸ್ತ್ರಿ ಮೇಲೆತ್ತಿದ್ದು ಮೇಲೆತ್ತಿದ ಹಾಗೇ ಇತ್ತು.

"ಅಂದ್ರೆ, ನಿಮ್ಮ ಮೈ ನಿಮಗೆ ಚೆನ್ನಾಗಿದೆ," ಅಂದಳು. "ಸುಮ್ನೆ ರುಚಿಗೆ ತಿನ್ನಿ."

"ನೋಡಿ, ಜಂಬ ಬೇರೆ ಬಂದಿದೆ ಇವಳಿಗೆ," ಯಜಮಾನಿ ಮಾತು ತಿರುಗಿಸಿದಳು. ಎಲ್ಲರೂ ನಕ್ಕರು, ವಿಷಯ ಮುಗಿಯಿತು.

ಸಂಜೆ ಮನೆಯಲ್ಲಿ ಗಂಡ ಬಸ್ಸಿನ ಧೂಳು ತೊಳೆದುಕೊಂಡು ಅಡುಗೆಮನೆಗೆ ಬಂದ. ಅವಳು ಪಾತ್ರೆ ಒರೆಸುತ್ತಿದ್ದಳು. ಹಿಂದಿನಿಂದ ಬಂದು ಎರಡು ಅಂಗೈಯಲ್ಲಿ ಅವಳ ಸೊಂಟ ಹಿಡಿದ. ಹೆಬ್ಬೆರಳುಗಳು ಬೆನ್ನ ಮೇಲೆ ಒಂದಕ್ಕೊಂದು ತಾಗಿದವು.

"ಇಪ್ಪತ್ತೆರಡು ವರ್ಷ ಎಲ್ಲಿ ಬಚ್ಚಿಟ್ಟಿದ್ದೆ ಇವಳನ್ನ?" ಅಂದ.

ಅವಳು ಪಾತ್ರೆಯನ್ನು ಕೆಳಗಿಡಲಿಲ್ಲ. ಈ ಕೈಗಳು ಹೀಗೆ ಬಂದು ಎಷ್ಟು ವರ್ಷವಾಗಿತ್ತು? ಮಗಳು ಹುಟ್ಟಿದ ಮೇಲೆ ಮೆಲ್ಲಗೆ ಬರುವುದು ಬಿಟ್ಟಿದ್ದವು. ಕೋಪದಿಂದಲ್ಲ, ಅಭ್ಯಾಸ ತಪ್ಪಿ ಹೋಗಿತ್ತು. ಅವಳೂ ಕೇಳಿರಲಿಲ್ಲ. ಈಗ ಎರಡು ತಿಂಗಳಿಂದ ಅವನು ಅವಳನ್ನು ಬಾಗಿಲಲ್ಲಿ ನಿಂತು ನೋಡುತ್ತಾನೆ. ಒಮ್ಮೆ ಹೂವು ತಂದು, ತಂದದ್ದಕ್ಕೆ ತಾನೇ ನಾಚಿ, ಬಸ್ಸಿನಲ್ಲಿ ಯಾರೋ ಬಿಟ್ಟುಹೋಗಿದ್ದರು ಅಂತ ಸುಳ್ಳು ಹೇಳಿದ್ದ. ಅವನು ನೋಡುತ್ತಿರುವುದು ಯಾವುದನ್ನು ಎಂದು ಅವಳಿಗೆ ಮಾತ್ರ ಗೊತ್ತಿತ್ತು. ಅವಳನ್ನು ತಿನ್ನುತ್ತಿರುವುದರ ಮೇಲೆಯೇ ಅವನಿಗೆ ಪ್ರೀತಿ ಉಕ್ಕಿತ್ತು. ಅದನ್ನು ಅವನಿಗೆ ಹೇಗೆ ಹೇಳುವುದು?

"ರೀ," ಅಂದಳು, ತಿರುಗದೆ. "ಸೋಮವಾರ ಬೆಳಗ್ಗೆ ನಿಮಗೆ ರಜೆ ಸಿಗುತ್ತಾ?"

"ಯಾಕೆ?"

ಅಷ್ಟರಲ್ಲಿ ಮಗಳು ಒಳಗೆ ನುಗ್ಗಿದಳು, ತಾಯಿ ಈಚೆಗೆ ಹಿಡಿದು ಸಣ್ಣದು ಮಾಡಿದ್ದ ಜಾಕೆಟ್ಟು ಹಾಕಿಕೊಂಡು, ತೋಳು ಚಾಚಿಕೊಂಡು. "ಅಮ್ಮಾ, ನೀನೀಗ ಹಾಕ್ಕೊಳ್ಳೋದೆಲ್ಲ ನನಗೂ ಸರಿಯಾಗುತ್ತೆ! ಇಬ್ಬರದ್ದೂ ಒಂದೇ ಅಳತೆ. ಅಪ್ಪಾ, ಇವಳ ಫೋಟೋ ಕಿಟಕೀಲಿ ಹಾಕ್ತಾರಂತೆ, ಗೊತ್ತಾ? ಹಬೆಯಮ್ಮ ದಾರೀಲಿ ಸಿಕ್ಕಿ ಹೇಳಿದ್ರು. ನನ್ನ ಗೆಳತೀರನ್ನೆಲ್ಲ ಕರ್ಕೊಂಡು ಹೋಗಿ ತೋರಿಸ್ತೀನಿ."

"ಓಹೋ, ಅದಕ್ಕಾ ರಜೆ?" ಗಂಡ ನಕ್ಕ. "ಸೋಮವಾರ ಆಗಲ್ಲ ಕಣೇ. ಆದರೆ ಮಧ್ಯಾಹ್ನದ ಟ್ರಿಪ್ಪಲ್ಲಿ ನಿಮ್ಮ ಬೀದಿ ಮೇಲೇ ಬಸ್ಸು ತರ್ತೀನಿ. ಮಕ್ಕಳಿಗೆಲ್ಲ ತೋರಿಸ್ತೀನಿ, ನೋಡ್ರೋ ನನ್ನ ಹೆಂಡ್ತಿ ಅಂತ."

"ಬೇಡ, ಬಸ್ಸು ಗುದ್ದಿಸಿಬಿಡ್ತೀರ," ಅಂದಳು ಅವಳು. ಆ ಮಾತು ಅಲ್ಲಿಗೇ ನಿಂತಿತು.

ಭಾನುವಾರ ಮಧ್ಯಾಹ್ನ, ಅಂಗಿ ಹಿಡಿಯಬೇಕು ಅಂತ ಯಜಮಾನಿಗೆ ಹೇಳಿ, ಬೀಗದ ಕೈ ಇಸಿದುಕೊಂಡು ಅಂಗಡಿಗೆ ಬಂದಳು. ಶಟರನ್ನು ಮೊಣಕಾಲೆತ್ತರಕ್ಕೆ ಎತ್ತಿ ಒಳಗೆ ತೂರಿದಳು. ಆ ಸಂದಿಯಿಂದ ಬಿಸಿಲು ನೆಲದ ಮೇಲೆ ಒಂದು ಪಟ್ಟಿಯಷ್ಟೇ ಬಿದ್ದಿತ್ತು. ಕಂದು ಕೋಟು ಆಗಲೇ ಬೊಂಬೆಯ ಮೈಮೇಲಿತ್ತು, ಗುಂಡಿಗಳನ್ನೆಲ್ಲ ಹಾಕಿ. ಆರು ತಿಂಗಳ ಹಿಂದಿನ ತಾನು. ಎಷ್ಟು ತುಂಬಿಕೊಂಡಿದ್ದಳು! ಆ ಕೋಟಿನ ತೋಳನ್ನು ಹಿಡಿದು ನೋಡಿದಳು. ದಪ್ಪಗಾಗಿದ್ದೀನಿ ಅಂತ ಕನ್ನಡಿಯ ಮುಂದೆ ಎಷ್ಟು ಸಲ ಬೈದುಕೊಂಡಿದ್ದಳು ಆಗ, ಅದು ಆರೋಗ್ಯ ಅಂತ ತಿಳಿಯದೆ.

ನೇರಳೆ ಅಂಗಿಯನ್ನು ಒಳಮಗ್ಗುಲು ಹೊರಗೆ ಮಾಡಿ ತೊಟ್ಟು, ಕನ್ನಡಿಯ ಮುಂದೆ ನಿಂತು ಗುಂಡುಸೂಜಿ ಚುಚ್ಚಿದಳು. ಎರಡೂ ಪಕ್ಕ ಒಂದೂವರೆ ಇಂಚು. ಭುಜದಲ್ಲಿ ಅರ್ಧ. ತೆಗೆದು ಯಂತ್ರಕ್ಕಿಟ್ಟು ಹೊಲಿದಳು. ನೇರವಾದ, ಒಂದೇ ಓಟದ ಹೊಲಿಗೆ. ಒಳ್ಳೆಯ ಕೆಲಸ.

ಆಮೇಲೆ ಹಸಿವಾಯಿತು. ಹಸಿವೆಂದರೆ ಹಸಿವಲ್ಲ, ಏನಾದರೂ ಬಾಯಿಗಿಡಬೇಕು ಅನ್ನಿಸಿತು. ಶನಿವಾರದ ಗಟ್ಟಿ ಮೊಸರು ಒಂದು ಬಟ್ಟಲು ಫ್ರಿಜ್ಜಿನಲ್ಲಿ ಉಳಿದಿತ್ತು, ಅರ್ಧ ಸೌತೆಕಾಯಿ ಇತ್ತು. ಬ್ರೆಡ್ಡಿನ ಒಂದು ಹೋಳು ಸುಟ್ಟಳು, ತಿರುಗಿಸಿ ಸುಟ್ಟಳು. ಯಾರೂ ನೋಡುವವರಿಲ್ಲದಿದ್ದರೂ ಹೋಳುಗಳನ್ನು ಹುರುಪೆಯ ಹಾಗೇ ಜೋಡಿಸಿದಳು. ಸ್ಟೂಲಿನ ಮೇಲೆ ಕೂತು ತಿಂದಳು. ಮೊಸರು ಸ್ವಲ್ಪ ಹುಳಿ ತಿರುಗಿತ್ತು. ಬ್ರೆಡ್ಡು ಕರುಕುರು ಅಂದಿತು, ಸೌತೆಕಾಯಿ ತಣ್ಣಗಿತ್ತು, ಮೆಣಸು ಕೊನೆಯಲ್ಲಿ ಗಂಟಲಿಗೆ ತಾಗಿತು. ನಾಲ್ಕು ತಿಂಗಳಲ್ಲಿ ಮೊದಲ ಸಲ ಅದು ಅವಳಿಗೆ ಬರೀ ಟೋಸ್ಟಾಗಿತ್ತು, ಇಳಿಸುವುದಕ್ಕೂ ಅಲ್ಲ, ಏರಿಸುವುದಕ್ಕೂ ಅಲ್ಲ. ಇನ್ನು ಬೆಳಗ್ಗೆ ನಿಂತುಕೊಂಡು ಆ ಬೆಣ್ಣೆ ನುಂಗಬೇಕಾಗಿಲ್ಲ ಅನ್ನಿಸಿ ಎದೆ ಹಗುರಾಯಿತು. ಪರೀಕ್ಷೆ ಮುಗಿದಿತ್ತು.

ಕೈ ತೊಳೆದು ಬಂದು ಅಂಗಿಯನ್ನು ಮೇಜಿನ ಮೇಲೆ ಹರಡಿದಳು. ಹೊಲಿಗೆಯ ಆಚೆ ಮಡಿಕೆಯಲ್ಲಿ ಒಂದೂವರೆ ಇಂಚು ಬಟ್ಟೆ ಉಳಿದಿತ್ತು, ಎರಡೂ ಪಕ್ಕ. ಅದನ್ನು ಬೆರಳಲ್ಲಿ ಸವರಿದಳು. ಖಾನೆ ಎಳೆದು ಬಾಬಿನ್ನಿನ ಡಬ್ಬಿ ಎತ್ತಿ ಚೀಟಿಯನ್ನು ನೋಡಿದಳು. ಸೋಮವಾರ, ಹತ್ತು ಗಂಟೆ. ಮನೆಯವರ ಜೊತೆ. ಚೀಟಿಯನ್ನು ಅಲ್ಲೇ ಇಟ್ಟು, ಡಬ್ಬಿ ಮುಚ್ಚಿ, ಖಾನೆ ನೂಕಿದಳು.

ಉದ್ದ ಕತ್ತರಿ ತೆಗೆದುಕೊಂಡಳು. ಕಂಕುಳಿಂದ ಶುರುಮಾಡಿ ಸೊಂಟದ ತನಕ, ಸೊಂಟದಿಂದ ಅಂಚಿನ ತನಕ, ಹೊಲಿಗೆಗೆ ತಾಗದ ಹಾಗೆ ಕಾಲಿಂಚು ಬಿಟ್ಟು, ನಿಧಾನವಾಗಿ ಕತ್ತರಿಸಿದಳು. ಇನ್ನೊಂದು ಪಕ್ಕವನ್ನೂ ಕತ್ತರಿಸಿದಳು. ನೇರಳೆ ಬಣ್ಣದ ಎರಡು ಪಟ್ಟಿಗಳು ಸುರುಳಿ ಸುತ್ತಿ ಮೇಜಿನಿಂದ ಕೆಳಗೆ ಬಿದ್ದವು.

ಫೋನು ಹೊಡೆದುಕೊಂಡಿತು. ಯಜಮಾನಿ.

"ಏನೇ, ಅಂಗಡೀಲಿದ್ದೀಯಾ? ನಾಳೆ ಫೋಟೋದವನಿಗೂ ಒಂದು ಟೋಸ್ಟು ಕೊಡೋಣ, ಕಿಟಕಿಗೆ ಅದರದ್ದೂ ಒಂದು ತೆಗೀತಾನೆ. ಏನು ಮಾಡ್ತೀಯಾ?"

"ಸೌತೆಕಾಯಿ ಅಕ್ಕ. ನೋಡೋಕೆ ಅದೇ ಚೆಂದ."

"ಸರಿ. ಮಗಳ ಕಾಲೇಜಿನ ಕೆಲಸ?"

"ಅದೇನಿಲ್ಲ ಬಿಡಿ. ಹತ್ತಕ್ಕೆ ನಾನು ಇಲ್ಲೇ ಇರ್ತೀನಿ."

"ಅಂಗಿ ಹಿಡಿದಾಯ್ತಾ?"

"ಆಯ್ತು."

"ಒಳಗೆ ಬಟ್ಟೆ ಬಿಟ್ಟಿದ್ದೀಯಾ ತಾನೇ? ಫೋಟೋ ಅಂತ ಹುರುಪಲ್ಲಿ ಕತ್ತರಿಸಿಗಿತ್ತರಿಸಿಬಿಟ್ಟೀಯ."

ಅವಳು ಬಗ್ಗಿ ನೆಲದ ಮೇಲಿನ ಪಟ್ಟಿಗಳನ್ನು ಒಂದೊಂದಾಗಿ ಎತ್ತಿಕೊಂಡಳು. ಬೆರಳಿಗೆ ಸುತ್ತಿದಳು.

"ಬಿಟ್ಟಿದ್ದೀನಿ ಅಕ್ಕ," ಅಂದಳು.

ಫೋನಿಟ್ಟ ಮೇಲೆ ಆ ಸುರುಳಿಯನ್ನು ಚೂರುಬಟ್ಟೆಯ ಚೀಲದ ತಳಕ್ಕೆ ತುರುಕಿ, ಮೇಲೆ ಬೇರೆ ಬಣ್ಣದ ಚೂರುಗಳನ್ನು ಹರಡಿದಳು. ಮೊಸರು ಕಟ್ಟುವ ಬಟ್ಟೆಯನ್ನು ಒಗೆದು ನಾಳೆಗೆ ಒಣಹಾಕಿದಳು.